ಹೂಂ ಎನ್ನುವ ಡ್ರೈವರಣ್ಣ

ನಮ್ಮ ಬೀದಿಯ ಟೈಲರಕ್ಕ ಹೊಲಿಗೆ ಮೆಷಿನ್ ಮುಂದೆ ಕೂತಳೆಂದರೆ ಕಾಲಿನ ಜೊತೆಗೆ ಬಾಯಿಯೂ ಓಡುತ್ತಿತ್ತು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಮೊಳೆಗೆ ನೇತುಹಾಕಿದ ಅರ್ಧ ಹೊಲಿದ ಫ್ರಾಕುಗಳು, ನೆಲದ ತುಂಬ ಬಟ್ಟೆಯ ಚೂರುಗಳು, ಕಿಟಕಿಯ ಬೆಳಕಿಗೆ ಹೊಂದಿಸಿ ಇಟ್ಟ ಮೆಷಿನ್. ಪ್ಯಾಂಟಿನ ಉದ್ದ ಕಡಿಮೆ ಮಾಡುವುದಿರಲಿ, ಝಿಪ್ ಬದಲಿಸುವುದಿರಲಿ, ಅವಳ ಹತ್ತಿರ ಕೊಟ್ಟರೆ ಹೇಳಿದ ದಿನಕ್ಕೆ ಸಿಗುತ್ತಿತ್ತು. ಜೊತೆಗೆ ಬೀದಿಯ ಸುದ್ದಿಯೂ ಸಿಗುತ್ತಿತ್ತು, ಅದು ಉಚಿತ.

ಅವಳ ಗಂಡ ಸಿಟಿ ಬಸ್ ಓಡಿಸುತ್ತಿದ್ದ. ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಹೊಸ್ತಿಲ ಪಕ್ಕದ ಬೆಂಚಿನ ಮೇಲೆ ಬೀದಿಗೆ ಮುಖ ಮಾಡಿ ಕಾಲು ಚಾಚಿ ಕೂರುವುದು ಅವನ ರೂಢಿ. ಮೆಷಿನ್ ಇದ್ದದ್ದು ಸರಿಯಾಗಿ ಅವನ ಬೆನ್ನ ಹಿಂದೆ. ಅಲ್ಲಿಂದ ಅವಳು ಮಾತಾಡುತ್ತಿದ್ದಳು, ಇಲ್ಲಿಂದ ಅವನು "ಹೂಂ" ಎನ್ನುತ್ತಿದ್ದ. ಗ್ಯಾಸ್ ಮುಗಿದಿದೆ ಎಂದರೂ ಹೂಂ, ಮಗಳು ಫೋನ್ ಮಾಡಿದ್ದಳು ಎಂದರೂ ಹೂಂ, ನಲ್ಲಿ ಸೋರುತ್ತಿದೆ ಎಂದರೂ ಹೂಂ. ನಲ್ಲಿ ಮಾತ್ರ ಸೋರುತ್ತಲೇ ಇರುತ್ತಿತ್ತು.

ಒಮ್ಮೆ ಅವಳಿಗೆ ರೋಸಿಹೋಗಿ, ಮೆಷಿನ್ ತುಳಿಯುತ್ತಲೇ, "ರೀ, ಹಿತ್ತಲಲ್ಲಿ ಒಂದು ಒಂಟೆ ಬಂದು ನಿಂತಿದೆ. ನಾಳೆ ಬರ್ತಾ ಒಂದು ಹೊರೆ ಹುಲ್ಲು ತನ್ನಿ" ಎಂದಳು.

"ಹೂಂ, ತರ್ತೀನಿ" ಎಂದ ಡ್ರೈವರಣ್ಣ.

ಇದನ್ನು ಅವಳು ನಮಗೆಲ್ಲ ಹೇಳಿ ನಗಿಸಿದ್ದಳು. ಹೇಳುವಾಗ ತಾನೂ ನಗುತ್ತಿದ್ದಳು. ಆದರೆ ನಮ್ಮ ನಗು ಮುಗಿಯುವ ಮೊದಲೇ ಅವಳದು ಮುಗಿದುಬಿಡುತ್ತಿತ್ತು.

ಕೆಟ್ಟ ಮನುಷ್ಯನೇನಲ್ಲ ಅವನು. ಕುಡಿತವಿಲ್ಲ, ಕೈ ಎತ್ತಿದವನಲ್ಲ, ಏರುದನಿಯಲ್ಲಿ ಒಂದು ಮಾತಾಡಿದವನಲ್ಲ. ಅದಕ್ಕೇ ಅವಳ ದೂರು ಯಾರಿಗೂ ದೂರಿನಂತೆ ಕೇಳಿಸುತ್ತಿರಲಿಲ್ಲ. "ಅಮ್ಮಾ, ಅಪ್ಪ ಒಳ್ಳೆಯವರು ಬಿಡು" ಎಂದು ಮಗಳೂ ಅನ್ನುತ್ತಿದ್ದಳು. ಅವಳು ಬೇರೆ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. "ಒಳ್ಳೆಯವರೇ ಕಣೇ. ಗೋಡೆನೂ ಒಳ್ಳೇದೇ. ಅದರ ಜೊತೆ ಎಷ್ಟು ವರ್ಷ ಅಂತ ಮಾತಾಡಲಿ?" ಎಂದು ತಾಯಿ ಫೋನ್ ಇಟ್ಟುಬಿಡುತ್ತಿದ್ದಳು.

ಹೀಗಿರುವಾಗ ಒಂದು ದಿನ, ಕೊರಳಿಗೆ ಹಾಕಿಕೊಂಡಿದ್ದ ಅಳತೆ ಟೇಪನ್ನು ತೆಗೆಯುವಾಗ ಅವಳ ಬೆರಳಿಗೆ ಕುತ್ತಿಗೆಯ ಪಕ್ಕದಲ್ಲಿ ಗೋಲಿಯಷ್ಟು ದಪ್ಪದ ಗಂಟೊಂದು ಸಿಕ್ಕಿತು. ಒತ್ತಿದಳು. ನೋವಿಲ್ಲ. ನೋವಿಲ್ಲದ್ದೇ ಅವಳನ್ನು ಹೆದರಿಸಿತು. ಅವಳ ಚಿಕ್ಕಮ್ಮನಿಗೂ ಹೀಗೇ ನೋವಿಲ್ಲದ ಗಂಟು ಶುರುವಾಗಿ, ವರ್ಷ ತುಂಬುವುದರೊಳಗೆ ಆಕೆ ಇಲ್ಲವಾಗಿದ್ದಳು.

ಅಂದು ಸಂಜೆ ಗಂಡನಿಗೆ ಹೇಳಿದಳು. ಹೇಳಿದ್ದು ಹೇಗೆಂದರೆ, ಎದುರು ಮನೆಯವರು ಪರದೆಯ ಬಟ್ಟೆ ಕಡಿಮೆ ತಂದುಕೊಟ್ಟ ಕತೆ ಮುಗಿಸಿ, ಸೂಜಿಗೆ ದಾರ ಪೋಣಿಸುತ್ತಾ, "ಅಂದ ಹಾಗೆ, ನನ್ನ ಕುತ್ತಿಗೆ ಹತ್ರ ಒಂದು ಗಂಟು ಆಗಿದೆ" ಎಂದಳು.

"ಹೂಂ" ಎಂದ ಅವನು.

ಡಾಕ್ಟರನ್ನು ಕಂಡು ಬಂದ ಮೇಲೆ ಮತ್ತೆ ಹೇಳಿದಳು. ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡಿದ್ದಾರೆ ಎಂದಳು. ಹೂಂ. ಗುರುವಾರ ರಿಪೋರ್ಟ್ ಬರುತ್ತೆ, ರಜೆ ಹಾಕಿ ಜೊತೆಗೆ ಬನ್ನಿ, ಒಬ್ಬಳಿಗೇ ಹೋಗೋಕೆ ಭಯ ಎಂದಳು.

"ಹೂಂ, ಆಯ್ತು."

ಗುರುವಾರ ಬೆಳಿಗ್ಗೆ ಅವನು ಎಂದಿನಂತೆ ಖಾಕಿ ಹಾಕಿಕೊಂಡ, ಎಂದಿನಂತೆ ಚಹಾ ಕುಡಿದ, "ಬರ್ತೀನಿ, ಬಾಗಿಲು ಹಾಕ್ಕೋ" ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದ. ಟೈಲರಕ್ಕ ಒಳಕೋಣೆಯಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಕೈಯಲ್ಲಿ ಚೀಲ ಹಿಡಿದು ನಿಂತಿದ್ದಳು. ಕೂಗಿ ಕರೆಯಬಹುದಿತ್ತು. ಆದರೆ ಇಷ್ಟು ದೊಡ್ಡ ವಿಷಯವನ್ನೂ ಕಿವಿಗೆ ಹಾಕಿಕೊಳ್ಳದ ಮೇಲೆ ಇನ್ನು ಇವರಿಗೆ ಏನು ಹೇಳಿ ಏನು ಪ್ರಯೋಜನ ಎಂದುಕೊಂಡು, ಕಣ್ಣೊರೆಸಿಕೊಂಡು, ಹತ್ತು ಗಂಟೆಯ ಹೊತ್ತಿಗೆ ಬೀಗ ಹಾಕಿ ಬಸ್ ಸ್ಟಾಪಿಗೆ ನಡೆದಳು.

ಆಸ್ಪತ್ರೆಯ ಕಡೆಗೆ ಹೋಗುವ ಬಸ್ ಬಂದಾಗ ಜನ ಮುಗಿಬಿದ್ದರು. ಅವಳು ಹಿಂದಿನ ಬಾಗಿಲಿನಿಂದ ಹತ್ತಿ, ಹೇಗೋ ಕಂಡಕ್ಟರಮ್ಮನ ಪಕ್ಕದ ಸೀಟು ಹಿಡಿದು ಕೂತಳು. ಉಸಿರು ಬಿಟ್ಟು ತಲೆ ಎತ್ತಿದರೆ ದೂರದಲ್ಲಿ ಡ್ರೈವರನ ಬೆನ್ನು. ಆ ಅಂಗಿಯ ಕಾಲರ್ ಸವೆದಾಗ ತಿರುಗಿಸಿ ಹೊಲಿದವಳು ಅವಳೇ. ಗಂಡನಿಗೆ ವಾರಕ್ಕೊಂದು ದಾರಿ ಬದಲಾಗುತ್ತಿತ್ತು. ಈ ವಾರ ಈ ದಾರಿ ಎಂದು ಅವನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಮದುವೆಯಾದಾಗಿನಿಂದ ಅವಳು ಅವನ ಬಸ್ಸು ಹತ್ತಿದ್ದು ಅದೇ ಮೊದಲು. ಮನೆಯಲ್ಲೇ ಕೆಲಸ ಇದ್ದವಳಿಗೆ ಬಸ್ಸಿನ ಅಗತ್ಯ ಬೀಳುತ್ತಿದ್ದದ್ದೇ ಅಪರೂಪ.

ಒಳಗೆ ಸಂತೆಯ ಗದ್ದಲ. ಯಾರೋ ಫೋನಿನಲ್ಲಿ ಅರಚುತ್ತಿದ್ದರು, ಮಗುವೊಂದು ಕಿರುಚಿ ಅಳುತ್ತಿತ್ತು, ಇಬ್ಬರು ಹೆಂಗಸರು ಕಿಟಕಿಗಾಗಿ ಜಗಳಕ್ಕೆ ಬಿದ್ದಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಎಲ್ಲರ ಮಾತೂ ಡ್ರೈವರನ ಮೇಲೇ. "ಏನ್ರೀ, ಎತ್ತಿನ ಗಾಡಿನಾ ಇದು?" "ಸ್ವಲ್ಪ ನಿಧಾನ ಹೋಗಪ್ಪಾ, ಪ್ರಾಣ ತೆಗೀತೀಯಾ?" ತನ್ನ ಸ್ಟಾಪು ದಾಟಿದ್ದೇ ಗೊತ್ತಾಗದ ಒಬ್ಬ ಅವನ ಕಿವಿಯ ಹತ್ತಿರವೇ ನಿಂತು ಬಾಯಿಗೆ ಬಂದಂತೆ ಬೈದ. ಡ್ರೈವರಣ್ಣ ತುಟಿ ಪಿಟಕ್ಕೆನ್ನಲಿಲ್ಲ. ಕಣ್ಣು ರಸ್ತೆಯ ಮೇಲೆ, ಕೈ ಸ್ಟಿಯರಿಂಗಿನ ಮೇಲೆ. ಬೈದವನು ಕೊನೆಗೆ, "ಏನಾದ್ರೂ ಹೇಳಯ್ಯಾ!" ಎಂದು ಗದರಿದಾಗ ಬಂದ ಉತ್ತರ ಟೈಲರಕ್ಕನಿಗೆ ಹಿಂದಿನ ಸೀಟಿನವರೆಗೂ ಕೇಳಿಸಿತು.

"ಹೂಂ."

ಅವಳು ಕಂಡಕ್ಟರಮ್ಮನ ಕಡೆ ತಿರುಗಿದಳು. "ನಿಮ್ಮ ಡ್ರೈವರಿಗೆ ಕಿವಿ ಇಲ್ವೇನಮ್ಮ?"

ಕಂಡಕ್ಟರಮ್ಮ ನಕ್ಕಳು. "ಇದ್ದಿದ್ರೆ ಹುಚ್ಚು ಹಿಡಿದಿರೋದು ಅಕ್ಕಾ. ನಮ್ಮ ಬಂಡೆಯಣ್ಣ ಅವ್ರು. ಡಿಪೋದಲ್ಲಿ ಎಲ್ರೂ ಹಾಗೇ ಕರೆಯೋದು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಯಾರು ಏನಂದ್ರೂ ತಿರುಗಿ ಉತ್ತರ ಕೊಡೋರಂತೆ. ಒಂದ್ಸಲ ಹಾಗೆ ತಿರುಗಿದಾಗ ಸೈಕಲಿನವನಿಗೆ ತಾಗಿಸಿಬಿಟ್ರು. ಅವನಿಗೆ ಕೈ ತರಚಿದ್ದು ಬಿಟ್ರೆ ಏನೂ ಆಗ್ಲಿಲ್ಲ. ಇವ್ರೇ ವಾರಗಟ್ಟಲೆ ನಿದ್ದೆ ಮಾಡ್ಲಿಲ್ವಂತೆ. ಆಮೇಲೆ ಬೆನ್ನ ಹಿಂದೆ ಯಾರು ಏನಂದ್ರೂ ಕಿವಿಗೆ ಹೋಗಲ್ಲ."

"ಮತ್ತೆ ನೀವು ಹೇಗೆ ಮಾತಾಡ್ತೀರಾ?"

"ಸೀಟಿ ಊದ್ತೀನಿ. ಮುಖ್ಯವಾದ ಮಾತಿದ್ರೆ ಮುಂದೆ ಹೋಗಿ, ಅವ್ರ ಕಣ್ಣಿಗೆ ಬಿದ್ದು ಹೇಳ್ತೀನಿ. ಒಂದ್ಸಲ ಹೇಳಿದ್ರೆ ಸಾಕು, ಮರೆಯೋರೇ ಅಲ್ಲ."

ಟೈಲರಕ್ಕನಿಗೆ ಹೊಸ್ತಿಲ ಬೆಂಚು, ಅದರ ಹಿಂದಿನ ತನ್ನ ಮೆಷಿನ್, ಅವೆರಡರ ನಡುವೆ ತಾನು ಇಷ್ಟು ಕಾಲ ಸುರಿದ ಮಾತು, ಎಲ್ಲವೂ ಒಟ್ಟಿಗೇ ಕಣ್ಣ ಮುಂದೆ ಬಂತು.

ಆಸ್ಪತ್ರೆಯ ಸ್ಟಾಪು ಹತ್ತಿರವಾದಾಗ ಅವಳು ಎದ್ದು, ಜನರನ್ನು ಸರಿಸಿಕೊಂಡು, ಮುಂದಿನ ಬಾಗಿಲಿಗೆ ಹೋದಳು. ಬಸ್ಸು ನಿಂತಿತು. ಇಳಿಯುವವರೆಲ್ಲ ಇಳಿಯಲಿ ಎಂದು ಬಿಟ್ಟು, ಅವನ ಎದುರಿಗೆ, ಗಾಜಿನ ಪಕ್ಕದಲ್ಲಿ ನಿಂತಳು.

"ರೀ."

ಡ್ರೈವರಣ್ಣ ಬೆಚ್ಚಿಬಿದ್ದ. "ನೀನಾ? ಇಲ್ಲಿ?"

"ಕುತ್ತಿಗೆಯ ಗಂಟಿನ ರಿಪೋರ್ಟ್ ಬರುತ್ತೆ ಇವತ್ತು. ತಗೊಳ್ಳೋಕೆ ಹೋಗ್ತಿದೀನಿ."

"ಯಾವ ಗಂಟು?"

ಅವನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು, ಇದು ಮರೆತವನ ಮುಖವಲ್ಲ, ಅಲಕ್ಷ್ಯ ಮಾಡಿದವನ ಮುಖವೂ ಅಲ್ಲ. ಈಗಷ್ಟೇ ಮೊದಲ ಸಲ ಕೇಳಿದವನ ಮುಖ. ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಸಿಟ್ಟು ಎಲ್ಲಿಗೆ ಹೋಯಿತೋ, ಅವಳ ಕಣ್ಣು ತುಂಬಿತು. ಕೊರಳಿಗೆ ಸುತ್ತಿಕೊಂಡಿದ್ದ ಸೆರಗು ಸರಿಸಿ ಗಂಟು ತೋರಿಸಿದಳು. ಹಿಂದಿನ ಗಾಡಿಗಳು ಹಾರ್ನ್ ಬಾರಿಸುತ್ತಿದ್ದವು.

"ನಾನು ಬರೋವರೆಗೂ ಡಾಕ್ಟರ ಹತ್ರ ಹೋಗ್ಬೇಡ" ಎಂದ ಅವನು. "ಕೊನೇ ಸ್ಟಾಪಿನಲ್ಲಿ ಬಸ್ಸು ಬೇರೆಯವರಿಗೆ ಒಪ್ಪಿಸಿ ಬರ್ತೀನಿ. ಒಬ್ಬಳೇ ಹೋಗ್ಬೇಡ, ಕೇಳಿಸ್ತಾ?"

ಕೇಳಿಸಿತು.

ಆಸ್ಪತ್ರೆಯ ಬೆಂಚಿನಲ್ಲಿ ಅವಳು ತನ್ನ ಸರದಿಯನ್ನು ಹಿಂದಿನವರಿಗೆ ಬಿಟ್ಟುಕೊಡುತ್ತಾ ಕೂತಳು. ನರ್ಸ್ ಎರಡು ಸಲ ಕರೆದಾಗಲೂ, "ನಮ್ಮ ಮನೆಯವರು ಬರ್ತಿದಾರೆ" ಎಂದಳು. ಹಾಗೆ ಹೇಳುವಾಗ ಭಯದ ನಡುವೆಯೂ ಒಂದು ಬಗೆಯ ಹೆಮ್ಮೆ ಇತ್ತು. ಡ್ರೈವರಣ್ಣ ಖಾಕಿಯಲ್ಲೇ, ಬೆವರು ಸುರಿಸುತ್ತಾ ಬಂದ. ಪಕ್ಕದಲ್ಲಿ ಕೂರಲಿಲ್ಲ. ಖಾಲಿ ಸ್ಟೂಲೊಂದನ್ನು ಎಳೆದುಕೊಂಡು ಎದುರಿಗೆ ಕೂತು, "ಮೊದಲಿಂದ ಹೇಳು" ಎಂದ. ಅವಳು ಹೇಳಿದಳು. ಚಿಕ್ಕಮ್ಮನ ವಿಷಯವನ್ನೂ ಹೇಳಿದಳು, ಯಾರಿಗೂ ಹೇಳಿರದಿದ್ದುದನ್ನು. ಅವನು ಒಮ್ಮೆಯೂ ಹೂಂ ಎನ್ನಲಿಲ್ಲ.

ಡಾಕ್ಟರಮ್ಮ ರಿಪೋರ್ಟು ನೋಡಿ, "ಕೊಬ್ಬಿನ ಗಂಟು ಅಷ್ಟೇ. ಅಪಾಯ ಏನೂ ಇಲ್ಲ" ಎಂದರು.

"ಇನ್ನೊಂದ್ಸಲ ಹೇಳಿ ಡಾಕ್ಟ್ರೇ" ಎಂದ ಡ್ರೈವರಣ್ಣ.

"ಅಪಾಯ ಇಲ್ಲ. ಹಾಗೇ ಬಿಡಬಹುದು. ಬೇಡ ಅನ್ನಿಸಿದ್ರೆ ತೆಗೆಸಬಹುದು."

"ಅಂದ್ರೆ ಪೂರ್ತಿ... ಏನೂ ಇಲ್ಲ?"

"ಏನೂ ಇಲ್ಲ ಕಣ್ರೀ" ಎಂದು ಡಾಕ್ಟರಮ್ಮ ನಕ್ಕುಬಿಟ್ಟರು.

ಹೊರಗೆ ಬಂದು ಇಬ್ಬರೂ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಹಾ ತರಿಸಿಕೊಂಡು ಕೂತರು. ಹೋದ ಜೀವ ಬಂದಂತಾಗಿತ್ತು.

"ನನಗೆ ಶಬ್ದ ಕೇಳಿಸುತ್ತೆ" ಎಂದ ಅವನು. "ನೀನು ಮಾತಾಡ್ತಿದೀಯ ಅಂತ ಗೊತ್ತಾಗುತ್ತೆ. ಅದು ಕೇಳಿಸ್ತಿದ್ರೆ ಮನೆ ಸರಿಯಾಗಿದೆ ಅನ್ನಿಸುತ್ತೆ, ನೆಮ್ಮದಿಯಾಗುತ್ತೆ. ಏನು ಮಾತು ಅಂತ ಮಾತ್ರ ತಲೆಗೆ ಹೋಗಲ್ಲ. ಎಷ್ಟೋ ಸಲ ಹೂಂ ಅಂದ ಮೇಲೆ, ಏನಂದೆ ಅಂತ ಕೇಳೋಣ ಅನ್ನಿಸುತ್ತೆ. ಬೈತೀಯ ಅಂತ ಸುಮ್ಮನಾಗ್ತೀನಿ."

"ಬೈತಿದ್ದೆ" ಎಂದಳು ಅವಳು. ಲೋಟವನ್ನು ತಿರುಗಿಸುತ್ತಾ ಕೂತು, ಆಮೇಲೆ ಹೇಳಿದಳು: "ಗಂಟಿನ ವಿಷಯ ನಾನೂ ನೆಟ್ಟಗೆ ಹೇಳ್ಲಿಲ್ಲ ರೀ. ಪರದೆ ಬಟ್ಟೆ ಜೊತೆ ಸೇರಿಸಿ ಹೇಳ್ದೆ. ನಿಮ್ಮ ಮುಖ ನೋಡಿ ಹೇಳಿದ್ರೆ ಅದು ನಿಜ ಆಗಿಬಿಡುತ್ತೇನೋ ಅಂತ ಭಯ. ಬೆನ್ನಿಗೆ ಹೇಳೋದು ಸುಲಭ ಇತ್ತು."

ಅವನು ಮೇಜಿನ ಮೇಲಿದ್ದ ಅವಳ ಕೈ ಹಿಡಿದುಕೊಂಡ. ಸುತ್ತ ಜನರಿದ್ದರು. ಅವಳು ಬಿಡಿಸಿಕೊಳ್ಳಲಿಲ್ಲ.

ಮನೆಗೆ ನಡೆದೇ ಹೋದರು. ದಾರಿಯಲ್ಲಿ ಅವನೇ ಮಗಳಿಗೆ ಫೋನ್ ಮಾಡಿ, ಒಂದೂ ಬಿಡದೆ ಎಲ್ಲವನ್ನೂ ಹೇಳಿದ. ಮಗಳು, "ನನಗ್ಯಾಕೆ ಹೇಳ್ಲಿಲ್ಲ?" ಎಂದು ಇಬ್ಬರಿಗೂ ಸೇರಿಸಿ ಬೈದಳು. ಬೈಸಿಕೊಳ್ಳುತ್ತಾ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಆಮೇಲೆ ಎಲ್ಲವೂ ಬದಲಾಯಿತು ಎಂದರೆ ಸುಳ್ಳಾಗುತ್ತದೆ. ಬೆಳಕಿನ ಕಾರಣಕ್ಕೆ ಮೆಷಿನ್ ಸರಿಸಲು ಅವಳು ಒಪ್ಪಲಿಲ್ಲ. ಬೆಂಚನ್ನೇ ಅವನು ಒಳಗೆ ತಂದು, ಅವಳಿಗೆ ಎದುರಾಗಿ ಹಾಕಿಕೊಂಡ. ಬೀದಿ ನೋಡುವ ಆಸೆಯಾದಾಗ ಹೊರಗೆ ಹೋಗಿ ನಿಲ್ಲುತ್ತಾನೆ. ಆಗ ಅವಳು ಏನೂ ಹೇಳುವುದಿಲ್ಲ. ಹೇಳಲೇಬೇಕಾದ ಮಾತಿದ್ದರೆ ತುಳಿಯುವುದನ್ನು ನಿಲ್ಲಿಸಿ, ಅವನು ತಲೆ ಎತ್ತುವವರೆಗೆ ಕಾಯುತ್ತಾಳೆ. ಮೊನ್ನೆ ನಾನು ಪ್ಯಾಂಟು ತರಲು ಹೋದಾಗ ಮೆಷಿನ್ ಸದ್ದಿರಲಿಲ್ಲ. ಒಳಗೆ ಡ್ರೈವರಣ್ಣ ಬಸ್ಸಿನಲ್ಲಿ ನಡೆದದ್ದೇನನ್ನೋ ಕೈ ಆಡಿಸಿ ಹೇಳುತ್ತಿದ್ದ, ಟೈಲರಕ್ಕ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. ಕೆಲಸ ಇನ್ನೂ ಆಗಿಲ್ಲ ಎಂದು ಗೊತ್ತಾಯಿತು. ನಾಳೆ ಬಂದರಾಯಿತು ಎಂದುಕೊಂಡು ಬಾಗಿಲು ತಟ್ಟದೆ ವಾಪಸು ಬಂದೆ.