ಸೂರ್ಯನ ಮೇಲೆ ಹೆಬ್ಬೆರಳು

ನೀವು ನಂಬುವುದಿಲ್ಲ, ಬೇಕಾದರೆ ಬರೆದು ಕೊಡುತ್ತೇನೆ. ನಾನು ಸೂರ್ಯನನ್ನು ಹೆಬ್ಬೆರಳಿನಿಂದ ಒರೆಸಿ ತೆಗೆದವನು. ಅದೂ ರಾಣೆಬೆನ್ನೂರಿನಲ್ಲಿ, ಇಂಗ್ಲಿಷ್ ಕಲಿಯುತ್ತಾ.

ಹಾವೇರಿಯ ನಮ್ಮ ಕಾಲೇಜಿನಲ್ಲಿ ಚಿತ್ರ-ಸಂಗೀತದ ಕಾರ್ಯಕ್ರಮವಿತ್ತು. ಹೊರಗಿನ ಅತಿಥಿಗಳಿಗೆ ಇಂಗ್ಲಿಷಿನಲ್ಲಿ ವಿವರಿಸಲು ಒಬ್ಬ ಹುಡುಗ ಬೇಕಾಗಿತ್ತು. ಕೈಯಲ್ಲಿ ಮೈಕು, ಎದುರಿಗೆ ಇಡೀ ಕಾಲೇಜು. ಆ ಮೈಕಿನಲ್ಲಿ ನನ್ನ ಜೀವವಿತ್ತು. ಪೈಪೋಟಿಯಲ್ಲಿ ಉಳಿದವರು ಬ್ಯಾಡಗಿಯ ನಾನು ಮತ್ತು ಹಾವೇರಿಯ ಇನ್ನೊಬ್ಬ. ಆರಿಸುವವರು ಇಂಗ್ಲಿಷ್ ಮೇಡಂ. ತಯಾರಿ ರಾಣೆಬೆನ್ನೂರಿನ ಅವರ ಮನೆಯಲ್ಲಿ, ಭಾನುವಾರ.

ಮೊದಲ ದಿನದಿಂದಲೇ ನನಗೆ ಅನುಮಾನ. ಮೇಡಂ ಒಂದು ಚಿತ್ರ ತೋರಿಸಿ ‘ವಾರ್ಮ್’ ಅಂದರು. ಮೊಬೈಲಿನಲ್ಲಿ ಸಾರಂಗಿ ಹಚ್ಚಿ ಅದಕ್ಕೂ ‘ವಾರ್ಮ್’ ಅಂದರು. ಟೆಕ್ಸ್ಚರ್, ಡೆಪ್ತ್, ಟೋನ್, ಎಲ್ಲ ಎರಡಕ್ಕೂ ನಡೆಯುತ್ತವಂತೆ. ನಮ್ಮ ಮಾರುಕಟ್ಟೆಯಲ್ಲಿ ಹತ್ತಿಗೂ ಮೆಣಸಿನಕಾಯಿಗೂ ಒಂದೇ ಮಾತು ಹೇಳಿದವನನ್ನು ಚಹಾ ಕುಡಿಸಿ ಮನೆಗೆ ಕಳಿಸುತ್ತಾರೆ. ಹಾವೇರಿಯವನಿಗೆ ಆ ಚಿಂತೆಯಿಲ್ಲ. ಅವನ ಹತ್ತಿರ ‘ವೈಬ್ರಂಟ್’ ಎಂಬ ಒಂದೇ ಶಬ್ದವಿತ್ತು. ಅದನ್ನು ಚಿತ್ರಕ್ಕೆ ಹೇಳಿದ, ತಬಲಾಕ್ಕೆ ಹೇಳಿದ, ಮೇಡಂ ಕೊಟ್ಟ ಮಂಡಕ್ಕಿಗೂ ಹೇಳಿದ. ಮೇಡಂ ನಕ್ಕರು. ಆ ನಗುವೂ ನನಗೆ ಸರಿ ಕಾಣಲಿಲ್ಲ.

ಕೊನೆಯ ಭಾನುವಾರ ಗೋಡೆಯ ಮೇಲೆ ಹೊಸ ಚಿತ್ರವಿತ್ತು. ಹೊಲ, ಬೇಲಿ, ಮುಳುಗುವ ಕೆಂಪು ಸೂರ್ಯ.

“ಒಬ್ರು ದೊಡ್ಡ ಕಲಾವಿದರು ಬಾಳ ವರ್ಷದ ಹಿಂದ ತಗದಿದ್ದು. ನಾ ಚಹಾ ಮಾಡ್ಕೊಂಡು ಬರ್ತೇನಿ, ಅಷ್ಟರಾಗ ಒಂದೊಂದು ಚಲೋ ಮಾತು ಹುಡುಕ್ರಿ. ಮೈಕ್ ಯಾರಿಗಂತ ಇವತ್ತ ಹೇಳಿಬಿಡ್ತೇನಿ,” ಎಂದು ಮೇಡಂ ಒಳಗೆ ಹೋದರು.

ಬಹಳ ವರ್ಷದ ಚಿತ್ರಕ್ಕೆ ಹೊಸ ಬಣ್ಣದ ವಾಸನೆ ಯಾಕೆ? ಮೇಡಂ ಉಗುರಿನ ಸಂದಿಯಲ್ಲಿ ಹೊಲದ ಹಸಿರು ಯಾಕೆ?

ನಮ್ಮಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಕೆಂಪು ಕಂಡರೆ ಮೊದಲು ಸಂಶಯ, ಆಮೇಲೆ ನಮಸ್ಕಾರ. ಬಣ್ಣ ಹಚ್ಚಿದ ಮಾಲಿರಬಹುದೆಂದು ಹೆಬ್ಬೆರಳು ನೆಕ್ಕಿ ಕಾಯಿಯನ್ನು ತಿಕ್ಕಿ ನೋಡುತ್ತಾರೆ. ನಮ್ಮ ಮನೆಯಲ್ಲಿ ಮಕ್ಕಳು ನಡೆಯುವುದಕ್ಕಿಂತ ಮೊದಲು ಇದನ್ನು ಕಲಿಯುತ್ತಾರೆ. ನನ್ನ ತಂಗಿ ತನ್ನ ಅಂಗನವಾಡಿ ಟೀಚರಿನ ಹಣೆಯ ಕುಂಕುಮವನ್ನೇ ತಿಕ್ಕಿ ನೋಡಿದವಳು.

ನಾನು ಹೆಬ್ಬೆರಳು ನೆಕ್ಕಿದೆ.

“ಏನ್ ಮಾಡಾಕತ್ತೀಲೇ?” ಎಂದ ಹಾವೇರಿಯವನು.

“ಟೆಕ್ಸ್ಚರ್ ನೋಡಾಕತ್ತೇನಿ.”

ತಿಕ್ಕಿದೆ. ಅರ್ಧ ಸೂರ್ಯ ನನ್ನ ಬೆರಳಿಗೆ ಬಂದ. ಉಳಿದರ್ಧ ಬೇಲಿ ಹಾರಿ ಹೊಲಕ್ಕೆ ಇಳಿದ. ಬಣ್ಣ ಇನ್ನೂ ಹಸಿ. ಅಂದರೆ ದೊಡ್ಡ ಕಲಾವಿದರು ಈಗ ಒಳಗೆ ಚಹಾ ಸೋಸುತ್ತಿದ್ದರು. ನನ್ನ ಸಂಶಯ ನಿಜವಾಗಿತ್ತು, ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಮೈಕು ಹೋಗುತ್ತಿತ್ತು.

“ನಿನ್ನ ಕೈಯಾಗ ಸೂರ್ಯನೂ ಉಳೀಲಿಲ್ಲ ನೋಡಪಾ,” ಎಂದ ಅವನು, ಬಹಳ ಸಮಾಧಾನದಿಂದ.

ಮೇಡಂ ಬಂದರು. ನಾನು ಕೈ ಹಿಂದೆ ಕಟ್ಟಿ, ಸೂರ್ಯನಿಗೆ ಅಡ್ಡ ನಿಂತೆ.

“ವೈಬ್ರಂಟ್ ರೀ,” ಎಂದ ಅವನು.

“ಡೆಪ್ತ್ ಐತ್ರಿ ಮೇಡಂ,” ಎಂದೆ ನಾನು.

“ಹೌದ್ರಿ, ಈಗ ಬಂದೈತಿ. ಮೊದಲ ಇದ್ದಿದ್ದಿಲ್ಲ,” ಎಂದ ಹಾವೇರಿಯವನು.

ಮೇಡಂಗೆ ಅವನ ಮಾತು ಕೇಳಿಸಲೇ ಇಲ್ಲ. ಮುಖ ಅರಳಿತ್ತು. “ಖರೇನ? ಡೆಪ್ತ್ ಕಾಣಿಸ್ತೈತಿ? ಯಾರೂ ಹಂಗ ಅಂದಿದ್ದಿಲ್ಲ. ಮೈಕ್ ನಿನಗ…”

ಅಷ್ಟರಲ್ಲಿ, ನನ್ನನ್ನು ಬೈಕಿನ ಮೇಲೆ ಕರೆದೊಯ್ಯಲು ಅಪ್ಪ ಬಂದರು. ಪಕ್ಕದ ಬಾಗಿಲಿನಿಂದ ಬಂದವರಿಗೆ ಮೊದಲು ಕಂಡದ್ದು ನನ್ನ ಬೆನ್ನ ಹಿಂದಿನ ಕೆಂಪು ಹೆಬ್ಬೆರಳು. ಅದನ್ನು ಹಿಡಿದೆತ್ತಿ, ಮೂಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಹಚ್ಚಿದ ಬಣ್ಣ,” ಎಂದರು. “ಯಾರ ಮಾಲು ತಿಕ್ಕೀದಿ?”

ಮೇಡಂ ಚಹಾದ ತಟ್ಟೆ ಕೆಳಗಿಟ್ಟು, ನನ್ನನ್ನು ಬದಿಗೆ ಸರಿಸಿ ಗೋಡೆ ನೋಡಿದರು. ಹಾವೇರಿಯವನು ಮೈಕು ಹಿಡಿಯುವ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.