ಬೋರ್ಡಿಗೆ ಬಾರದ ಸಾವು

ಎಪ್ಪತ್ತರ ದಶಕದಲ್ಲಿ ಇಳಕಲ್ಲಿನ ನಮ್ಮ ನೇಕಾರರ ಓಣಿಯಲ್ಲಿ ಒಂದು ವಾಚನಾಲಯವಿತ್ತು. ಜಾಗ ಅದರ ಅಧ್ಯಕ್ಷರದು. ಹೊರಗೋಡೆಯ ಕರಿ ಬೋರ್ಡು ಮಾತ್ರ ತಮ್ಮದೆಂದು ಓಣಿಯವರೆಲ್ಲ ತಿಳಿದಿದ್ದರು. ನಾನು ಕಾರ್ಯದರ್ಶಿ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಸೀಮೆಸುಣ್ಣವೂ ಒದ್ದೆ ಅರಿವೆಯೂ ನನ್ನ ಕೈಗೆ ಬಂದಿದ್ದವು. ಅಷ್ಟಕ್ಕೇ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಓಣಿಯಲ್ಲಿ ಯಾರು ತೀರಿಕೊಂಡರೂ ನಾನು ಬೋರ್ಡಿನ ಮೇಲೆ ಬರೆಯಬೇಕು. ಬರೆದರೆ ಮಗ್ಗಗಳು ನಿಲ್ಲುತ್ತಿದ್ದವು, ಮನೆಗೊಬ್ಬರು ಮಣ್ಣಿಗೆ ಹೋಗುತ್ತಿದ್ದರು. ಬಾಯಿಂದ ಬಾಯಿಗೆ ಸುದ್ದಿ ಮುಟ್ಟಿದ್ದರೂ, ಬೋರ್ಡಿಗೆ ಬರುವ ತನಕ ಯಾರೂ ಮಗ್ಗದಿಂದ ಏಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಸದಸ್ಯನೇ ಆಗಿದ್ದ ಒಬ್ಬ ನೇಕಾರ ಬೋರ್ಡಿನ ಮೇಲೆ ಬರೆದ: ‘ಬಣ್ಣದ ನೀರು ಬಾವಿಗೆ ಇಳಿಯುತ್ತಿದೆ. ಕುಡಿಯಬೇಡಿ.’ ಓಣಿಯ ಬಾವಿಯ ಮಗ್ಗುಲಲ್ಲಿ ನೂಲಿಗೆ ಬಣ್ಣ ಹಾಕುವ ಭಟ್ಟಿಯಿತ್ತು, ಅದೂ ಅಧ್ಯಕ್ಷರದು. ನಾನು ಒರೆಸಿದೆ. ಮರುದಿನ ಮತ್ತೆ ಬರೆದ, ಮತ್ತೆ ಒರೆಸಿದೆ.

“ಸುಳ್ಳು ಬರ್ದೇನೇನ್ರಿ?” ಎಂದು ಕೇಳಿದ.

“ಖರೆನೋ ಸುಳ್ಳೋ, ಗ್ವಾಡಿ ನಮ್ಮದು. ನಿನ್ನ ಮನಿ ಗ್ವಾಡಿ ಮ್ಯಾಲೆ ಬರ್ಕೊ ಹೋಗು, ಯಾರು ಬ್ಯಾಡಂದಾರ?” ಎಂದೆ.

ಕಟ್ಟೆಯ ಮೇಲಿದ್ದವರು ನಕ್ಕರು. ನನಗೆ ಹೊಟ್ಟೆ ತುಂಬಿತು. ಅವನ ಮನೆಯ ಗೋಡೆಯನ್ನು ಯಾರೂ ಓದುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರನೆಯ ಸಲ ಬರೆದಾಗ ಸಭೆ ಕರೆದು ಅವನನ್ನು ಸದಸ್ಯತ್ವದಿಂದ ತೆಗೆದುಹಾಕಿದೆವು. ‘ಸದಸ್ಯರಲ್ಲದವರ ವಿಷಯ ಬೋರ್ಡಿಗೆ ಬರುವಂತಿಲ್ಲ’ ಎಂಬ ನಿಯಮವನ್ನು ನಾನೇ ಬರೆದು, ನಾನೇ ಓದಿ, ಮೊದಲು ನಾನೇ ಕೈ ಎತ್ತಿದೆ. ಬಾವಿಯ ನೀರು ನಿಜಕ್ಕೂ ಕೆಟ್ಟಿತ್ತು. ನಾವು ಸದ್ದಿಲ್ಲದೆ ಬೇರೆ ಕಡೆಯಿಂದ ನೀರು ತರತೊಡಗಿದ್ದೆವು.

ವರ್ಷ ತುಂಬುವುದರೊಳಗೆ ಅವನು ಜ್ವರದಿಂದ ಸತ್ತ. ಬೆಳಿಗ್ಗೆಯೇ ಅವನ ಹೆಂಡತಿ ವಾಚನಾಲಯದ ಮೆಟ್ಟಿಲ ಕೆಳಗೆ ಬಂದು ನಿಂತಳು.

“ಅಣ್ಣಾರ, ಬೋರ್ಡಿನ ಮ್ಯಾಲೆ ಒಂದು ಮಾತು ಬರೀರಿ. ನನಗ ಬರ್ಯಾಕ ಬರಂಗಿಲ್ಲ.”

“ಅಂವ ಸದಸ್ಯ ಅಲ್ಲ ತಂಗಿ. ನಿಯಮ ಐತಿ.”

“ಸತ್ತಾಂವ ಇನ್ನೊಮ್ಮಿ ಬಾವಿ ಸುದ್ದಿ ಬರ್ಯಾಕ ಬರ್ತಾನೇನ್ರಿ?”

ನಾನು ಪೇಪರು ತಿರುವಿದೆ. ಅಧ್ಯಕ್ಷರು ಹೇಳಿಕೊಟ್ಟಿರಲಿಲ್ಲ, ಅವರು ಅಂದು ಊರಲ್ಲೇ ಇರಲಿಲ್ಲ. ಒಂದು ಸಾಲು ಬರೆಯಲು ನನಗೆ ಯಾರ ಅಡ್ಡಿಯೂ ಇರಲಿಲ್ಲ. ಅವಳು ಇನ್ನೊಮ್ಮೆ ಬೇಡಿಕೊಳ್ಳಲಿ ಎಂದು ಕಾಯುತ್ತಿದ್ದೆ, ಹೇಳಲು ನಾಚಿಕೆಯಾಗುತ್ತದೆ. ಅವಳು ಬೇಡಲಿಲ್ಲ, ಹೊರಟುಹೋದಳು.

ಹೆಣ ಹೊರಲು ಅವಳ ತವರು ಗುಡೂರಿನಿಂದ ನಾಲ್ವರು ಬಂದಿದ್ದರು. ಓಣಿಯ ತುಂಬ ಮಗ್ಗಗಳು ಖಟಖಟ ಎನ್ನುತ್ತಿರುವಾಗಲೇ ಅವನನ್ನು ಒಯ್ದರು. ನಮ್ಮ ಮನೆಯ ಮಗ್ಗದಲ್ಲಿ ಅಪ್ಪ ಒಂದು ಗಳಿಗೆ ಲಾಳಿ ನಿಲ್ಲಿಸಿ ನನ್ನ ಮುಖ ನೋಡಿದ. ನಾನು ತಲೆಯಾಡಿಸಿ ಬೇಡವೆಂದೆ. ಅಪ್ಪ ಮತ್ತೆ ನೇಯತೊಡಗಿದ.

ಎರಡು ವರ್ಷಕ್ಕೆ ಅಪ್ಪನೂ ಹೋದ. ನಾನೇ ಬೋರ್ಡಿನ ತುಂಬ ದೊಡ್ಡದಾಗಿ ಬರೆದೆ. ಮಗ್ಗಗಳು ಒಂದೊಂದಾಗಿ ನಿಂತವು. ಒಂದು ನಿಲ್ಲಲಿಲ್ಲ, ಅವಳದು. ನೆರೆಯವರೊಬ್ಬರು ಹೇಳಲು ಹೋಗಿ, ಮುಖ ಸಣ್ಣದು ಮಾಡಿಕೊಂಡು ಮರಳಿದರು.

“‘ಬೋರ್ಡು ಸದಸ್ಯರಿಗಂತ. ನಾ ಸದಸ್ಯ ಅಲ್ಲ’ ಅಂತಾಳಪಾ.”

ಅಪ್ಪನನ್ನು ಅವಳ ಬಾಗಿಲ ಮುಂದಿನಿಂದಲೇ ಒಯ್ಯಬೇಕಿತ್ತು. ಹೆಗಲು ಕೊಟ್ಟಿದ್ದ ನಾನು ಆ ಮಗ್ಗದ ಖಟಖಟಕ್ಕೆ ಕಿವಿ ಮುಚ್ಚಿಕೊಳ್ಳುವಂತೆಯೂ ಇರಲಿಲ್ಲ.