ಕಣ ತುಳಿದ ಸೈಕಲ್ಲು

ಪ್ಲಾಸ್ಟಿಕ್ ಬಿಚ್ಚಿದ ಕೂಡಲೇ ಮೂಗಿಗೆ ಬಡಿದದ್ದು ನಮ್ಮೂರಿನ ಕಣದ ವಾಸನೆ. ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳಿಗೆ ಮಣ್ಣಿನ ವಾಸನೆ ಹೊಸದೇ ಎಂದು ನೀವು ನಗಬಹುದು. ದಿನಾ ಯಾವ್ಯಾವುದೋ ಊರಿನ ಮಣ್ಣು ನನ್ನ ಮೇಜಿನ ಮೇಲೆ ಬಂದು ಕೂರುತ್ತದೆ, ಯಾವುದೂ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಇದು ಮಾತ್ರ ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯ ಅಡಿಯಿಂದ ತೆಗೆದ ಜೇಡಿಮಣ್ಣು. ಒದ್ದೆಯೂ ಅಲ್ಲ, ಒಣಗಿದ್ದೂ ಅಲ್ಲ. ಅದನ್ನು ಯಂತ್ರದಲ್ಲಿಟ್ಟು ಗುಂಡಿ ಒತ್ತಿದೆ. ಬಸ್ಸು ಲಾರಿಗಳು ಹಾದುಹೋದಂತೆ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು ಶುರುವಾಯಿತು.

ಅಷ್ಟರಲ್ಲಿ ಅವ್ವನ ಫೋನು.

"ಸವಿತಾ ಗಂಡನ ಮನಿ ಬಿಟ್ಟು ಬರ್ತೀನಿ ಅಂತ ಕುಂತಾಳೆ. ನಿನ್ನ ಮಾತು ಕೇಳ್ತಾಳೆ. ಹೆಣ್ಣು ಅಂದ್ರೆ ಭೂಮಿ ಇದ್ದಂಗೆ, ತಾಳ್ಕೋ ಅಂತ ನೀನಾರ ಹೇಳು. ಈ ಮನ್ಯಾಗೆ ಇನ್ನೊಬ್ಬ ಗಿರಿಜೆ ಆಗೋದು ಬ್ಯಾಡ."

ಸವಿತಾ ನನ್ನ ಅಣ್ಣನ ಮಗಳು. ಸೊರಬಕ್ಕೆ ಕೊಟ್ಟಿದ್ದಾರೆ. ಗಂಡ ಕೈ ಮಾಡುತ್ತಾನೆ, ಒಂದು ಸಲವಲ್ಲ, ಮತ್ತೆ ಮತ್ತೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರ ಬಾಯಲ್ಲೂ ಇಲ್ಲ. ಹೇಳುತ್ತೇನೆ ಅಂತ ಅವ್ವನಿಗೆ ಅಂದು ಫೋನಿಟ್ಟೆ. ಏನು ಹೇಳುತ್ತೇನೆ ಅಂತ ಅವ್ವನೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಅವ್ವ ಹೇಳಿದ ಗಿರಿಜೆ ನನ್ನ ಸೋದರತ್ತೆ. ನಾನು ಲಂಗ ಉಟ್ಟು ಓಡಾಡುತ್ತಿದ್ದ ಕಾಲದಲ್ಲಿ ಆಕೆಯೂ ಸೊರಬದ ಗಂಡನ ಮನೆಯಿಂದ ಒಂದು ಚೀಲ ಹಿಡಿದು ಬಂದವಳು. ಬಂದವಳು ಮೂಲೆಯಲ್ಲಿ ಕೂತು ಅತ್ತಿದ್ದರೆ ಊರು ಅಯ್ಯೋ ಪಾಪ ಅನ್ನುತ್ತಿತ್ತು. ಆಕೆ ಅಜ್ಜನ ಸೈಕಲ್ಲನ್ನು ಗೋಡೆಯಿಂದ ಬಿಡಿಸಿಕೊಂಡು, ಹೊಡೆಯುವುದನ್ನು ಕಲಿಯಲು ಕಣಕ್ಕೆ ಹೋದಳು. ಬೆಣ್ಣೆ, ಸೊಪ್ಪು ಹೇರಿಕೊಂಡು ಶಿಕಾರಿಪುರದ ಸಂತೆಗೆ ತಾನೇ ಹೋಗಬೇಕು, ತನ್ನ ಅನ್ನ ತಾನು ದುಡಿಯಬೇಕು ಅನ್ನುವುದು ಆಕೆಯ ಹಟ.

ಕಣ ಎಂದರೆ ಈಗಿನವರಿಗೆ ಹೇಳಿಯೇ ತಿಳಿಸಬೇಕು. ಭತ್ತ ತುಳಿಸುವ ಆ ಅಂಗಳವನ್ನು ಸುಗ್ಗಿಗೆ ಮೊದಲು ಅಗೆದು, ಮಟ್ಟ ಮಾಡಿ, ನೀರು ಹೊಡೆದು ಬಿಡುತ್ತಿದ್ದರು. ಆಮೇಲೆ ಯಾರೂ ಅವಸರ ಮಾಡುವಂತಿಲ್ಲ. ಮಣ್ಣು ಹದಕ್ಕೆ ಬರಬೇಕು. ಹದ ಬಂದ ದಿನ ಎತ್ತುಗಳು ರೋಣಗಲ್ಲು ಎಳೆದುಕೊಂಡು ಸುತ್ತುತ್ತಿದ್ದವು, ಆ ಉರುಟು ಕಲ್ಲಿನ ಕೆಳಗೆ ನೆಲ ಕಲ್ಲಿಗಿಂತ ಗಟ್ಟಿಯಾಗುತ್ತಿತ್ತು. ಸಗಣಿ ಸಾರಿಸಿದರೆ ಅಲ್ಲೇ ಊಟ ಬಡಿಸಬಹುದು. ಕಣಕ್ಕೆ ನೇಮಗಳು ಬಹಳ. ಮೆಟ್ಟು ಹಾಕಿ ಕಾಲಿಡುವಂತಿಲ್ಲ. ರಾಶಿ ತೀರಿದರೆ 'ಮುಗೀತು' ಅನ್ನುವಂತಿಲ್ಲ, 'ಹೆಚ್ಚಿತು' ಅನ್ನಬೇಕು. ನಾನೊಮ್ಮೆ ಮರೆತು ಮುಗೀತು ಅಂದು ಅಜ್ಜನಿಂದ ಕಿವಿ ಹಿಂಡಿಸಿಕೊಂಡಿದ್ದೆ.

ಅಂಥ ಕಣದಲ್ಲಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಗಂಡಸರ ಸೈಕಲ್ಲು ಹೊಡೆದರೆ ಊರು ಸುಮ್ಮನಿರುತ್ತದೆಯೇ. "ಕಣ ಬಿರುಕು ಬಿಡ್ತೈತೆ ನೋಡು," ಅಂದ ಅಜ್ಜ. ಆತ ಹೆದರಿದ್ದು ಬಿರುಕಿಗೋ ಊರಿಗೋ, ನನಗೆ ಈಗಲೂ ಅನುಮಾನ. ಕಣ ಬಿರುಕು ಬಿಡಲಿಲ್ಲ. ಸುತ್ತಿ ಸುತ್ತಿ ಚಕ್ರ ಹಾದಲ್ಲಿ ಹೊಳಪು ಬಂತು. ಆದರೆ ಒಂದು ಸಂಜೆ ಜಿನುಗು ಮಳೆ ನಿಂತದ್ದೇ ತಡ ಆಕೆ ಸೈಕಲ್ಲು ಇಳಿಸಿದಳು. ಮುಂದಿನ ಚಕ್ರ ಹೂತು ಅತ್ತೆ ಮುಗ್ಗರಿಸಿದಳು, ನೆಲದಲ್ಲಿ ಹಾವು ಹರಿದಂತೆ ಕೊರಕಲು. ಅಜ್ಜನಿಗೆ ಅಷ್ಟೇ ಬೇಕಿತ್ತು. "ನಾ ಹೇಳಿದ್ನಿಲ್ಲ?" ಅಂದ.

"ಹಸಿ ಇತ್ತು, ಕುಸೀತು. ಹದ ಬರ್ಲಿ, ಮತ್ತೆ ಹೊಡೀತೀನಿ," ಅಂದಳು ಅತ್ತೆ, ಮೊಣಕಾಲಿನ ಕೆಸರು ಒರೆಸಿಕೊಳ್ಳುತ್ತ. ಕೊರಕಲನ್ನು ತಾನೇ ತುಂಬಿ, ಬಡಿದು, ಸಾರಿಸಿ, ಕಾದು, ಮತ್ತೆ ಹೊಡೆದಳು.

ಕಾಲೇಜಿನಲ್ಲಿ ಮೇಷ್ಟ್ರು ಮೊದಲ ಸಲ 'ಸೈಕ್ಲಿಕ್ ಲೋಡಿಂಗ್' ಅಂದಾಗ ನನ್ನ ತಲೆಗೆ ಹೊಳೆದದ್ದು ಅತ್ತೆಯೇ. ಹಾಗಂದರೇನು ಎಂದು ಕೇಳಿದ್ದಕ್ಕೆ, ಸೈಕಲ್ಲಿನ ಮೇಲೆ ಭಾರ ಹೇರುವುದು ಸರ್ ಎಂದು ಎದ್ದು ನಿಂತು ಹೇಳಿ, ಇಡೀ ತರಗತಿಯನ್ನು ನಗಿಸಿದೆ. ಭಾರವನ್ನು ಮತ್ತೆ ಮತ್ತೆ ಹೇರಿ ಇಳಿಸುವುದಕ್ಕೆ ಹಾಗನ್ನುತ್ತಾರಂತೆ. ನಗಲಿ ಬಿಡಿ. ಅದರಲ್ಲಿ ಅರ್ಧ ಸರಿಯಿತ್ತೆಂದು ಈಗಲೂ ವಾದಿಸುತ್ತೇನೆ.

ಸೊರಬದವರು ಕರೆಯಲು ಬಂದ ದಿನ ನಾನು ಜಗಲಿಯ ಕಂಬ ಹಿಡಿದು ನಿಂತಿದ್ದೆ. ಅತ್ತೆಯ ಮಾವ, ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಮೈದುನ, ಜೊತೆಗೆ ಒಬ್ಬ ಹಿರಿಯ. ಅತ್ತೆ ಕಣದಲ್ಲಿ ಸೈಕಲ್ಲಿನ ಮೇಲಿದ್ದಳು. ಅವರು ಕಣದ ಅಂಚಿಗೆ ಬಂದು ನಿಂತರೂ ಆಕೆ ಇಳಿಯಲಿಲ್ಲ, ಸುತ್ತುತ್ತಲೇ ಇದ್ದಳು. ಅವರು ಹೇಳಬೇಕಾದ್ದನ್ನು ಆಕೆ ಎದುರಿಗೆ ಬಂದಾಗಲೇ ಹೇಳಬೇಕು, ಆಕೆಯ ಉತ್ತರ ಮುಂದಿನ ಸುತ್ತಿಗೆ.

"ಒಂದೇಟು ಬಿತ್ತು ಅಂತ ಸಂಸಾರ ಬಿಡ್ತಾರನಾ?" ಅಂದ ಮಾವ.

"ಒಂದಲ್ಲ, ನಿಮಗೆ ಗೊತ್ತೈತೆ," ಅನ್ನುತ್ತ ಅತ್ತೆ ಹಾದುಹೋದಳು.

"ಹೆಣ್ಣು ಭೂಮಿ ಇದ್ದಂಗೆ ಕಣೆ, ತಾಳ್ಕಬೇಕು," ಅಂದ ಹಿರಿಯ.

ಅತ್ತೆ ಪೂರ್ತಿ ಒಂದು ಸುತ್ತು ಬಂದು, "ಭೂಮಿಗೆ ಬಾಯಿಲ್ಲ ರೀ, ನನಗೈತೆ," ಅಂದಳು. ಅದರ ಮುಂದಿನ ಸುತ್ತಿಗೆ, "ನಿಮ್ಮ ಮನಿ ಋಣ ಹೆಚ್ಚಿತು."

ಅಂಗಡಿಯ ಮೈದುನನ ಮುಖ ಅರಳಿತು. ಋಣ ಹೆಚ್ಚಿತೆಂದರೆ ಬರುತ್ತಾಳೆ ಅಂದುಕೊಂಡ. ಹಿರಿಯ ಅವನ ರಟ್ಟೆ ಹಿಡಿದು, "ಕಣದಾಗೆ ನಿಂತು ಹಂಗಂದ್ಲು ಅಂದ್ರೆ ತೀರ್ತು ಅಂತ ಮಾರಾಯ, ನಡಿ," ಅಂದ. ಅವರು ಹೊರಟರು. ತೋಪು ದಾಟಿ ಮರೆಯಾಗುವವರೆಗೂ ಅತ್ತೆ ಸುತ್ತಿದಳು, ಆಮೇಲೆ ನೇರ ಹೋಗಿ ಹುಲ್ಲಿನ ಬಣವೆಗೆ ಗುದ್ದಿ ಬಿದ್ದಳು. ಇಳಿಯುವುದನ್ನು ಆಕೆ ಇನ್ನೂ ಕಲಿತಿರಲಿಲ್ಲ. ಗಿರಿಜೆಗೆ ಸೊಕ್ಕು, ದೊಡ್ಡವರು ಬಂದರೂ ಇಳಿಯಲಿಲ್ಲ ಎಂದು ಊರು ವರ್ಷಗಟ್ಟಲೆ ಆಡಿಕೊಂಡಿತು. ಅತ್ತೆ ಅದನ್ನು ತಿದ್ದಲು ಹೋಗಲಿಲ್ಲ. ಸೊಕ್ಕೂ ಇತ್ತು ಅನ್ನಿ.

ನನ್ನ ಸಿಟ್ಟು ಆ ಭೂಮಿಯ ಮಾತಿನ ಮೇಲೆ. ಭೂಮಿ ಎಷ್ಟು ತಾಳುತ್ತದೆ ಎಂದು ಅಳೆಯುವುದೇ ನನ್ನ ಕಸುಬು, ಹಾಗಾಗಿ ಒಂದು ಮಾತು ಹೇಳುವ ಹಕ್ಕು ನನಗಿದೆ. ಹದದ ಜೇಡಿಯಲ್ಲಿ ಮಣ್ಣಿನ ಸಣ್ಣ ಕಣಗಳ ನಡುವೆ ನೀರೂ ಇರುತ್ತದೆ, ಗಾಳಿಯೂ ಇರುತ್ತದೆ. ಆ ಚೂರು ನೀರೇ ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದರೆ ಮೊದಮೊದಲು ಚೆನ್ನಾಗಿ ಕುಗ್ಗುತ್ತದೆ, ಬರುಬರುತ್ತ ಕಡಿಮೆ ಕುಗ್ಗುತ್ತದೆ, ಆಮೇಲೆ ಒತ್ತಿದಷ್ಟೂ ಮತ್ತೆ ಮೇಲೆದ್ದುಬಿಡುತ್ತದೆ. ಇಷ್ಟನ್ನೇ ನೋಡಿದವರು ತಾಳ್ಮೆ ಅನ್ನುತ್ತಾರೆ. ಭಾರ ಮಿತಿ ದಾಟಲಿ, ಆಗ ಪ್ರತಿ ಸಲವೂ ಇನ್ನಷ್ಟು ಕುಗ್ಗಿ ಒಂದು ದಿನ ಪಕ್ಕಕ್ಕೆ ಸರಿದುಬಿಡುತ್ತದೆ. ನೀರು ಹೊಕ್ಕರೆ ಆ ಮಿತಿಯೂ ಇಳಿಯುತ್ತದೆ. ಮೊದಲು ಕುಗ್ಗಿದ್ದಂತೂ ಭಾರ ಇಳಿಸಿದ ಮೇಲೂ ಹಿಂದಕ್ಕೆ ಬರುವುದಿಲ್ಲ. ಕ್ಷಮಿಸಿದ ಮಣ್ಣನ್ನು ನಾನು ಇಷ್ಟು ವರ್ಷದಲ್ಲಿ ಒಂದು ಮುದ್ದೆಯೂ ಕಂಡಿಲ್ಲ. ಭೂಮಿಯ ಹಾಗಿರು ಅನ್ನುವವರು ಒಮ್ಮೆ ನಮ್ಮ ಲ್ಯಾಬಿಗೆ ಬಂದು ಕೂತು ನೋಡಲಿ.

ಅತ್ತೆ ಈಗ ಸೈಕಲ್ಲು ಬಿಟ್ಟು ಮೊಪೆಡ್ಡು ಹಿಡಿದಿದ್ದಾಳೆ. ಭತ್ತ ಬಡಿಯಲು ಯಂತ್ರ ಗದ್ದೆಗೇ ಬರುತ್ತದೆ, ಕಣದ ಕೆಲಸ ಯಾರಿಗೂ ಇಲ್ಲ. ಆದರೂ ಆಕೆ ಸುಗ್ಗಿಗೆ ಸುಗ್ಗಿಗೆ ನೀರು ಹೊಡೆದು, ಬಡಿದು, ಸಾರಿಸುವುದನ್ನು ಬಿಟ್ಟಿಲ್ಲ. ಯಾರಿಗಾಗಿ ಎಂದು ಕಳೆದ ಸಲ ಹೋದಾಗ ಕೇಳಿದ್ದೆ. "ಯಾರಾರ ಬರ್ತಾರೆ ಬಿಡು," ಅಂದಿದ್ದಳು.

ಮೇಜಿನ ಮೇಲೆ ಯಂತ್ರ ಒತ್ತುತ್ತಲೇ ಇತ್ತು. ಪರೀಕ್ಷೆ ಅರ್ಧಕ್ಕೆ ನಿಲ್ಲಿಸಬಾರದು ಅನ್ನುವುದು ನಮ್ಮ ನಿಯಮ. ನಿಲ್ಲಿಸಿದೆ. ಸವಿತಾಗೆ ಫೋನು ಮಾಡಿದೆ.

"ಅಜ್ಜಿ ಹೇಳಿ ಮಾಡಿಸಿದ್ರಾ ಅತ್ತೆ?" ಅಂದಳು. "ನೀವೂ ತಾಳ್ಕ ಅಂತೀರಾ? ನನ್ನ ಕೈಲಾಗಲ್ಲ. ನಂದೆಲ್ಲಾ ಮುಗೀತು."

"ಮುಗೀತು ಅನ್ನಬಾರದು. ಹೆಚ್ಚಿತು ಅನ್ನು," ಅಂದೆ. "ಹಂಗಂದು ಬಸ್ಸು ಹತ್ತು. ಗಿರಿಜತ್ತೆಗೆ ನಾ ಹೇಳ್ತೀನಿ, ಶಿಕಾರಿಪುರದ ಸ್ಟ್ಯಾಂಡಿನಾಗೆ ಮೊಪೆಡ್ಡು ತಗೊಂಡು ನಿಂತಿರ್ತಾಳೆ. ನಾನೂ ಈಗಲೇ ಹೊರಡ್ತೀನಿ."

ಫೋನಿನ ಆ ಕಡೆಯಿಂದ ಚೀಲದ ಜಿಪ್ಪು ಎಳೆದ ಸದ್ದು ಬಂತು.

"ಹೆಚ್ಚಿತು ಅತ್ತೆ," ಅಂದಳು.